ಗಾಳಿ ಒಳ್ಳೇದುಂಟು

ನಮ್ಮ ಅಪ್ಪಯ್ಯ ಜೀವಮಾನವಿಡೀ ಅಡುಗೆ ಮಾಡಿದವರು. ಆದರೆ ಮಾಡಿದ ಅಡುಗೆಯ ರುಚಿಯನ್ನು ಒಲೆಯ ಮುಂದೆ ನಿಂತು ನೋಡಿದವರಲ್ಲ. ಉಡುಪಿ ಕಡೆಯ ಹಳೆಯ ಅಡುಗೆಯವರಲ್ಲಿ ಇದೊಂದು ಕಟ್ಟುನಿಟ್ಟು. ಮೊದಲು ದೇವರಿಗೆ ನೈವೇದ್ಯ, ಅದಕ್ಕೂ ಮುಂಚೆ ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಹಾಗಾದರೆ ಉಪ್ಪು, ಹುಳಿ, ಖಾರ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಕುದಿಯುವ ಬೇಳೆಹುಳಿಯ ಮೇಲೆ ಕೈಯಾಡಿಸಿ, ಆವಿಯನ್ನು ತನ್ನ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡರೆ ಮುಗಿಯಿತು. "ಉಪ್ಪು ಒಂಚೂರು ಹಿಂದೆ ಉಂಟು" ಎನ್ನುತ್ತಿದ್ದರು. ಹಾಕುತ್ತಿದ್ದರು. ಸರಿಯಾಗುತ್ತಿತ್ತು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ಶಾಲೆಯಲ್ಲಿ ವಿಜ್ಞಾನ ಓದಿದ ನಾನು ಜಗಳಕ್ಕೆ ನಿಂತರೆ, "ಉಪ್ಪಿಗಿಲ್ಲ ಮಾರಾಯ್ತಿ, ಉಪ್ಪು ಬಿದ್ದ ಬೇಳೆಗೆ ಉಂಟು" ಎಂದು ನಗುತ್ತಿದ್ದರು.

ನಮ್ಮ ಹೋಟೆಲು ಇದ್ದದ್ದು ಚೆನ್ನೈಯ ಉತ್ತರದ ಅಂಚಿನಲ್ಲಿ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯೊಂದರ ಕಾಂಪೌಂಡಿಗೆ ಹತ್ತಿರ. ಕಾರ್ಖಾನೆಯ ಹೆಸರು ಬರೆಯುವ ಮನಸ್ಸಿಲ್ಲ. ನಮ್ಮ ಮನೆಯಲ್ಲೂ ಅದಕ್ಕೆ ಹೆಸರಿರಲಿಲ್ಲ, ಬರೀ 'ಫ್ಯಾಕ್ಟರಿ'. ಕೆಳಗೆ ಹೋಟೆಲು, ಮೇಲೆ ನಾವು ಮೂವರು: ಅಪ್ಪಯ್ಯ, ಅಮ್ಮ, ನಾನು. ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ, ಬಟ್ಟೆ ಒಣಗಿಸಲು ತಾರಸಿ. ಕೋಣೆಗೆ ಒಂದೇ ಕಿಟಕಿ. ಅದು ನೇರವಾಗಿ ಫ್ಯಾಕ್ಟರಿಯ ಎತ್ತರದ ಕೊಳವೆಯ ಕಡೆಗೆ ತೆರೆದುಕೊಳ್ಳುತ್ತಿತ್ತು, ಆ ಕೊಳವೆಯ ತುದಿಯಲ್ಲಿ ಸದಾ ಬೆಂಕಿ.

ಒಳಗೆ ಉಳಿದ ಅನಿಲವನ್ನು ಹಾಗೆ ಸುಡುತ್ತಾರೆ, ಸುಡದಿದ್ದರೆ ಅಪಾಯ, ಸುಡುವುದೇ ಕ್ಷೇಮ ಎಂದು ಊಟಕ್ಕೆ ಬರುತ್ತಿದ್ದ ಫ್ಯಾಕ್ಟರಿಯವರು ಹೇಳುತ್ತಿದ್ದರು. ಇರಬಹುದು. ಅವರ ಕ್ಷೇಮ ನಮ್ಮ ಗೋಡೆಯ ಮೇಲೆ ಹಗಲೂ ಇರುಳೂ ಕೆಂಪಗೆ ಅಲ್ಲಾಡುತ್ತಿತ್ತು. ಅಮಾವಾಸ್ಯೆ ಅಂದರೆ ಕತ್ತಲೆ ಎಂದು ಪುಸ್ತಕದಲ್ಲಿ ಓದಿ ತಿಳಿದವಳು ನಾನು. ನಮ್ಮ ಬೀದಿಯ ಕಾಗೆಗಳಿಗೂ ಬೆಳಗು ಯಾವುದು ಬೈಗು ಯಾವುದು ಗೊತ್ತಾಗದೆ ಸಿಕ್ಕ ಸಿಕ್ಕ ಹೊತ್ತಿನಲ್ಲಿ ಕೂಗಿಕೊಳ್ಳುತ್ತಿದ್ದವು. ಬೆಂಕಿ ಜೋರಾದ ದಿನ ದೊಡ್ಡ ಸ್ಟವ್ ಹಚ್ಚಿದ ಹಾಗೆ ಗುಂಯ್ ಎಂಬ ಸದ್ದು ಬಂದು, ಹೋಟೆಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ತಾರಸಿಯ ಮೇಲೆ ಒಣಹಾಕಿದ ಅಪ್ಪಯ್ಯನ ಬಿಳಿ ಪಂಚೆಯಲ್ಲಿ ಸಾಸಿವೆ ಚೆಲ್ಲಿದಂತೆ ಮಸಿ. ಅಮ್ಮ ಅದನ್ನು ಕೊಡವುತ್ತಿರಲಿಲ್ಲ, ಕೊಡವಿದರೆ ಮಸಿ ಇನ್ನೂ ಹರಡುತ್ತದೆ. ಬಾಯಿಂದ ಊದುತ್ತಿದ್ದಳು.

ಊದುವುದು ಅವಳಿಗೆ ಸುಲಭದ ಕೆಲಸವಾಗಿರಲಿಲ್ಲ. ಅಮ್ಮನಿಗೆ ಉಬ್ಬಸ. ಊರಿನಿಂದ ಮದುವೆಯಾಗಿ ಬರುವಾಗ ಇರಲಿಲ್ಲವಂತೆ. ನಾನು ಹುಟ್ಟಿದ ಮೇಲೆ ಶುರುವಾಗಿ, ನಾನು ದೊಡ್ಡವಳಾದ ಹಾಗೆ ಅದೂ ದೊಡ್ಡದಾಯಿತು. ಬೀದಿಯಲ್ಲಿ ಕೆಮ್ಮದ ಮನೆ ಇರಲಿಲ್ಲ, ಕಣ್ಣುಜ್ಜಿಕೊಳ್ಳದ ಮಕ್ಕಳಿರಲಿಲ್ಲ. ಆದರೆ ಅಮ್ಮನ ಉಸಿರಿನ ಸದ್ದು ಬೇರೆ. ಎದೆಯೊಳಗೆ ಎಲ್ಲೋ ಬಾಗಿಲಿನ ಕೀಲು ಎಣ್ಣೆಯಿಲ್ಲದೆ ತಿರುಗುತ್ತಿದೆ ಅನಿಸುತ್ತಿತ್ತು. ಆ ಸದ್ದು ಕೇಳಿಸಿದ ಕೂಡಲೇ ನಾನು ಓದುವುದು ಬಿಟ್ಟು ಅವಳ ಕಡೆ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಇದ್ದ ಭಯ ಅದೊಂದೇ.

ಹಾಗಾದರೆ ಕಿಟಕಿ ಮುಚ್ಚಿಬಿಡಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೆಳಗೆ ಇಡೀ ದಿನ ಉರಿಯುವ ಒಲೆ, ಮೇಲೆ ಚೆನ್ನೈಯ ಬಿಸಿಲು ಕುಡಿದ ತಾರಸಿ. ಕಿಟಕಿ ಮುಚ್ಚಿದರೆ ಒಗ್ಗರಣೆಯ ಹೊಗೆ ಮೆಟ್ಟಿಲು ಹತ್ತಿ ಬಂದು ಕೋಣೆಯಲ್ಲೇ ಕೂರುತ್ತಿತ್ತು, ಅಮ್ಮ ಅದಕ್ಕೂ ಕೆಮ್ಮುತ್ತಿದ್ದಳು. ತೆರೆದರೆ ಫ್ಯಾಕ್ಟರಿ, ಮುಚ್ಚಿದರೆ ಒಲೆ. ಆದ್ದರಿಂದ ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದು ನಮ್ಮಲ್ಲಿ ದಿನದಿನದ ತೀರ್ಮಾನ. ಆ ತೀರ್ಮಾನ ಅಪ್ಪಯ್ಯನ ಮೂಗಿನದು.

ದೀಪ ಹಚ್ಚುವ ಹೊತ್ತಿಗೆ ಅಪ್ಪಯ್ಯ ಗಲ್ಲಾಪೆಟ್ಟಿಗೆ ಬಿಟ್ಟು ಮೇಲೆ ಬರುತ್ತಿದ್ದರು. ಕಿಟಕಿಯನ್ನು ಒಂದು ಗೇಣು ತೆರೆದು, ಹುಳಿಯ ಆವಿಯನ್ನು ಎಳೆದುಕೊಂಡ ಹಾಗೆಯೇ ಹೊರಗಿನ ಗಾಳಿಯನ್ನು ಕೈಯಿಂದ ತನ್ನ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚುತ್ತಿದ್ದರು. ಗಾಳಿ ಕೆಟ್ಟಿದ್ದರೆ, "ಬೆಳ್ಳುಳ್ಳಿ ಬಂತು, ಮುಚ್ಚು." ಕೊಳೆತ ಬೆಳ್ಳುಳ್ಳಿಗೂ ಕೆಟ್ಟ ಮೊಟ್ಟೆಗೂ ನಡುವಿನ ಒಂದು ನಾತ ಅದು. ಮೊಟ್ಟೆಯ ವಾಸನೆ ಅಪ್ಪಯ್ಯನಿಗೆ ಗೊತ್ತಿರಲಿಲ್ಲ, ನಮ್ಮ ಅಡುಗೆಮನೆಗೆ ಬೆಳ್ಳುಳ್ಳಿಯೂ ಬಂದದ್ದಿಲ್ಲ. ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಿಡದ್ದು ಕಿಟಕಿಯಿಂದ ನುಗ್ಗುತ್ತದೆ ಎಂದು ಅವರಿಗೆ ಅವಮಾನವೇ ಆಗುತ್ತಿತ್ತು. ಗಾಳಿ ಚೆನ್ನಾಗಿದ್ದರೆ, "ಗಾಳಿ ಒಳ್ಳೇದುಂಟು" ಎನ್ನುತ್ತಿದ್ದರು. ಅಮ್ಮ ಕಿಟಕಿಯ ಎರಡೂ ಬಾಗಿಲು ತೆರೆದು, ಅದರ ಕೆಳಗೇ ಚಾಪೆ ಹಾಸಿಕೊಳ್ಳುತ್ತಿದ್ದಳು.

ಆ ಮೂಗು ತಪ್ಪುತ್ತಿರಲಿಲ್ಲ. ಬೆಂಕಿ ಇನ್ನೂ ಸಣ್ಣಗಿರುವಾಗಲೇ ಅವರು ಮುಚ್ಚು ಎಂದರೆ, ಸ್ವಲ್ಪ ಹೊತ್ತಿಗೆ ಜ್ವಾಲೆ ಎದ್ದು ಬೀದಿಯೆಲ್ಲ ಕೆಮ್ಮುತ್ತಿತ್ತು. ಎದುರುಮನೆಯವರು ನಮ್ಮ ಕಿಟಕಿ ನೋಡಿಕೊಂಡು ತಮ್ಮದನ್ನು ಮುಚ್ಚುವುದು ರೂಢಿಯಾಯಿತು. "ಸಾಮಿ ಮೂಕ್ಕು ಇರುಕ್ಕುಂಬೋದು ನಮಕ್ಕು ಎನ್ನ ಭಯಂ!", ಸಾಮಿಯ ಮೂಗಿರುವಾಗ ನಮಗೇನು ಭಯ, ಎಂದು ಬೀದಿಯವರು ತಮಾಷೆ ಮಾಡಿದರೆ ಅಪ್ಪಯ್ಯ ಉಬ್ಬಿಹೋಗುತ್ತಿದ್ದರು. ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ಕರಿಬೇವಿನ ಕಟ್ಟನ್ನು ಬಿಚ್ಚದೆ, ಹೊರಗಿನಿಂದಲೇ ಮೂಸಿ, ಒಳಗೆ ಬಾಡಿದ ಎಲೆ ಇದೆ ಎಂದು ಹೇಳಿ ವ್ಯಾಪಾರಿಯ ಬಾಯಿ ಮುಚ್ಚಿಸಿದವರು ಅವರು. ಮೈಲಾಪುರದಲ್ಲಿ ಹೋಟೆಲು ಇಟ್ಟ ನಮ್ಮ ನೆಂಟರು ವರ್ಷಕ್ಕೊಮ್ಮೆ ಬಂದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕಾಫಿ ಕುಡಿದು, "ಹೇಗೆ ಇರ್ತೀರಪ್ಪ ಇಲ್ಲಿ?" ಎಂದು ಕೇಳಿ ಹೋಗುತ್ತಿದ್ದರು. ಕರವಸ್ತ್ರ ಹಿಡಿದುಕೊಂಡು ಕಾಫಿ ಹೇಗೆ ಕುಡಿಯುತ್ತಾರೆ ಎಂಬುದೇ ಅಪ್ಪಯ್ಯನ ಆಶ್ಚರ್ಯ.

ಒಮ್ಮೆ ಪೆಟ್ಟಿಗೆಯಂಥ ಯಂತ್ರ ಹಿಡಿದುಕೊಂಡು ಗಾಳಿ ಅಳೆಯುವವರು ಬಂದರು. ಅವತ್ತು ಬೆಂಕಿ, ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನದ ತರಗತಿಯಂತೆ ತೆಪ್ಪಗಿತ್ತು. ತೊಂದರೆ ಇಲ್ಲ, ಆದರೆ ಇದ್ದರೂ ಇರಬಹುದು, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಹೋದರು. ಆ ಯಂತ್ರಕ್ಕಿಂತ ನನ್ನ ಮೂಗು ವಾಸಿ ಎಂದರು ಅಪ್ಪಯ್ಯ. ನಾವೂ ಹಾಗೇ ನಂಬಿದೆವು.

ನಾನು ಓದು ಮುಗಿಸಿ, ಕೀಲ್ಪಾಕಿನ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಹೊತ್ತಿಗೆ ಫ್ಯಾಕ್ಟರಿ ಬೆಳೆದಿತ್ತು, ಬೆಂಕಿಯೂ ಬೆಳೆದಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ವಿಚಿತ್ರವಾಯಿತು. ಅಪ್ಪಯ್ಯ 'ಬೆಳ್ಳುಳ್ಳಿ ಬಂತು' ಎನ್ನುವುದು ಕಡಿಮೆಯಾಗುತ್ತ ಬಂತು. ಮೊದಲು ವಾರದಲ್ಲಿ ಒಂದೋ ಎರಡೋ ದಿನ ತೆರೆಯುತ್ತಿದ್ದ ಕಿಟಕಿ ಈಗ ಹೆಚ್ಚುಕಮ್ಮಿ ದಿನವೂ ತೆರೆದಿರುತ್ತಿತ್ತು. "ಏನೋ ಹೊಸ ಮಿಷನ್ ಹಾಕಿದ್ದಾರೆ ಕಾಣ್ತದೆ. ಗಾಳಿ ಒಳ್ಳೇದುಂಟು" ಎನ್ನುತ್ತಿದ್ದರು. ಹಾಗೆ ಹೇಳಿ, ಚಾಪೆ ಹಾಸುತ್ತಿದ್ದ ಅಮ್ಮನ ಕಡೆ ತಿರುಗಿ, "ಅಲ್ವಾ?" ಎಂದು ಕೇಳುತ್ತಿದ್ದರು. ಮೊದಲು ಹಾಗೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

"ಹೌದು, ಒಳ್ಳೇದುಂಟು" ಎನ್ನುತ್ತಿದ್ದಳು ಅಮ್ಮ.

ಒಂದು ಸಂಜೆ ಬಸ್ಸಿಳಿದು ಬರುವಾಗ ನಮ್ಮ ಬೀದಿಯ ತಿರುವಿನಲ್ಲೇ ಆ ನಾತ ಮುಖಕ್ಕೆ ಬಡಿಯಿತು. ಅಲ್ಲೇ ಇರುವವರಿಗೆ ಅದು ಒಗ್ಗಿಹೋಗುತ್ತದೆ, ಹೊರಗಿನಿಂದ ಬರುವವರಿಗೆ ಗೊತ್ತಾಗುತ್ತದೆ. ತಲೆಯೆತ್ತಿ ನೋಡಿದೆ. ಬೀದಿಯ ಎಲ್ಲ ಕಿಟಕಿಗಳೂ ಮುಚ್ಚಿದ್ದವು. ನಮ್ಮದೊಂದೇ ತೆರೆದಿತ್ತು, ಒಳಗಿನ ಗೋಡೆ ಕೆಂಪಗಿತ್ತು. ಮೆಟ್ಟಿಲು ಹತ್ತಿ ಹೋದವಳೇ ತಮಿಳಿನಲ್ಲಿ ಕೂಗಾಡಿದೆ. ಸಿಟ್ಟು ಬಂದರೆ ನನಗೆ ಕನ್ನಡ ಬರುವುದಿಲ್ಲ.

"ಎನ್ನಪ್ಪಾ ಇದು! ಇವ್ವಳವು ನಾತ್ತಂ ಅಡಿಕ್ಕುದು, ಜನ್ನಲ್ ತೊರಂದು ವೆಚ್ಚಿರುಕ್ಕೀಂಗ?" ಇಷ್ಟು ನಾತ ಹೊಡೆಯುವಾಗ ಕಿಟಕಿ ತೆರೆದಿಟ್ಟಿದ್ದೀರಲ್ಲ ಎಂದು.

ಅಪ್ಪಯ್ಯ ಕೆಂಡಾಮಂಡಲವಾದರು. "ನಾತ ನಿನ್ನ ಬಸ್ಸಿನದ್ದು. ಬಸ್ಸಲ್ಲಿ ಕೂತು ಬಂದ ಮೂಗು ಅದು. ನಂಗೆ ಹೇಳಿಕೊಡ್ತೀಯಾ ನೀನು?"

ನಾನು ಬಾಯಿ ತೆರೆಯುವ ಮುಂಚೆ ಅಮ್ಮ ನನ್ನನ್ನು ನೋಡಿದಳು. ಬೇಡ ಎಂಬ ನೋಟ. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಆಗ ಕೂತೇ ನಿದ್ದೆ ಮಾಡುತ್ತಿದ್ದಳು. ಮನೆಯಲ್ಲಿ ಜಗಳ ಬೇಡ ಎಂದು ಹಾಗೆ ನೋಡಿದಳು ಎಂದುಕೊಂಡೆ. ಅಪ್ಪಯ್ಯ ಕೆಳಗೆ ಹೋದ ಮೇಲೆ ಕಿಟಕಿ ಮುಚ್ಚಲು ಹೋದರೆ, "ಬಿಡು, ಅವರು ಬಂದು ನೋಡಿದ್ರೆ ಎಂತ ಹೇಳುದು?" ಎಂದಳು.

ಅದೇ ದಿನಗಳಲ್ಲಿ ಹೋಟೆಲಿನಲ್ಲೂ ಒಂದು ಸಂಗತಿ ನಡೆಯಿತು. ರೈಲ್ವೆಯಿಂದ ನಿವೃತ್ತರಾದ ಧಾರವಾಡ ಕಡೆಯ ಹಿರಿಯರೊಬ್ಬರು ನಮ್ಮ ಖಾಯಂ ಗಿರಾಕಿ. ಇಡ್ಲಿಯ ಒಂದು ತುಂಡು ಸಾಂಬಾರಿನಲ್ಲಿ ಅದ್ದಿ, ಬಾಯಿಗಿಟ್ಟು, ತಡೆದು, ತಗ್ಗಿದ ದನಿಯಲ್ಲಿ ಕೇಳಿದರು: "ಯಾಕ್ರೀ ಯಜಮಾನ್ರ, ಇವತ್ತ ಸಾರು ತಳ ಹತ್ತೇದೇನು?"

ಅಪ್ಪಯ್ಯ ನಕ್ಕರು. "ತಳ ಹತ್ತಿದ್ರೆ ನಂಗೆ ಗೊತ್ತಾಗುದಿಲ್ವಾ?"

ಆದರೆ ತಳ ಹತ್ತಿತ್ತು. ಅಂದು ನಾನೂ ತಿಂದೆ, ಒಂದೊಂದು ತುತ್ತಿನಲ್ಲೂ ಕರಕು. ಮರುದಿನದಿಂದ ಅಮ್ಮ ಬೆಳಿಗ್ಗೆ ಕೆಳಗಿನ ಅಡುಗೆಮನೆಗೆ ಇಳಿಯತೊಡಗಿದಳು. ಇಷ್ಟು ವರ್ಷ ಇಳಿದವಳಲ್ಲ, ಹೊಗೆ ಆಗುವುದಿಲ್ಲ ಎಂದು. "ಮೇಲೆ ಒಬ್ಬಳೇ ಕೂತು ಬೇಜಾರು" ಎಂದು ಕಾರಣ ಕೊಟ್ಟಳು. ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ನಡುನಡುವೆ ಸೆರಗು ಸರಿಸಿ, "ಸೌಟು ಹಾಕಿ ಒಮ್ಮೆ", "ಇಂಗು ಸಾಕು ಕಾಣ್ತದೆ ಅಲ್ವಾ?" ಎಂದು ಮಾತಿಗೆ ಮಾತು ಜೋಡಿಸುತ್ತಿದ್ದಳು. "ಹೌದೌದು, ನಾನೂ ಅದನ್ನೇ ಹೇಳುವವನಿದ್ದೆ" ಎನ್ನುತ್ತಿದ್ದರು ಅಪ್ಪಯ್ಯ. ವಯಸ್ಸಾದ ಮೇಲೆ ಇಬ್ಬರಿಗೂ ಪ್ರೀತಿ ಜಾಸ್ತಿಯಾಗಿದೆ ಎಂದು ನಾನು ಗೇಲಿ ಮಾಡಿದ್ದುಂಟು.

ಆಮೇಲೊಂದು ಸಂಜೆ ಬೆಂಕಿ ಎಂದಿಗಿಂತ ದೊಡ್ಡದಾಗಿ ಎದ್ದು, ಕರಿಯ ಹೊಗೆ ನಮ್ಮ ಬೀದಿಯ ಮೇಲೆ ಬಗ್ಗಿತು. ಲೋಟಗಳು ಕಿಣಿಕಿಣಿ ಎನ್ನುತ್ತಲೇ ಇದ್ದವು. ನಾನು ಮನೆ ತಲುಪುವಾಗ ಅಮ್ಮ ತೆರೆದ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ತುಟಿ ನೀಲಿಯಾಗಿತ್ತು. ಅಪ್ಪಯ್ಯ ಅವಳ ಬೆನ್ನು ನೀವುತ್ತ, "ಗಾಳಿ ತಗೋ, ಗಾಳಿ ತಗೋ, ಒಳ್ಳೇ ಗಾಳಿ ಉಂಟು" ಎನ್ನುತ್ತಿದ್ದರು. ಈ ಮಾತು ನನ್ನ ಕಿವಿಯಿಂದ ಇಂದಿಗೂ ಹೋಗಿಲ್ಲ. ಕುಕ್ಕರು ಕೂಗುವುದು ನಿಂತ ಮೇಲೆ, ನಲ್ಲಿಯ ನೀರು ನಿಂತ ಮೇಲೆ, ಮನೆ ಒಮ್ಮೆಲೇ ತಣ್ಣಗಾದಾಗ ಕೇಳಿಸುತ್ತದೆ.

ಕೀಲ್ಪಾಕಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಸೇರಿಸಿದೆವು. ಆಕ್ಸಿಜನ್ ಹಾಕಿ, ಸೂಜಿ ಚುಚ್ಚಿ, ಅಮ್ಮನನ್ನು ಈ ಕಡೆಗೆ ಎಳೆದು ತಂದರು. ಮರುದಿನ ಬೆಳಿಗ್ಗೆ ನೋಡಲು ಬಂದ ಡಾಕ್ಟರು ನಿಧಾನದ ಮನುಷ್ಯ, ಮಂಚದ ಪಕ್ಕ ಕೂತು ನಮ್ಮ ಮನೆಯ ವಿಚಾರ ಕೇಳಿದರು. ಎಲ್ಲಿ ಮಲಗುತ್ತಾರೆ, ಕಿಟಕಿ ಯಾವ ಕಡೆಗಿದೆ, ಫ್ಯಾಕ್ಟರಿಯ ವಾಸನೆ ಒಳಗೆ ಬರುತ್ತದೆಯೇ.

"ಮುಂಚೆ ಬರ್ತಿತ್ತು ಡಾಕ್ಟ್ರೇ, ಈಗ ಇಲ್ಲವೇ ಇಲ್ಲ" ಎಂದರು ಅಪ್ಪಯ್ಯ ತಮ್ಮ ತಮಿಳಿನಲ್ಲಿ. "ಗಾಳಿ ಒಳ್ಳೇದಾಗಿ ಈಗ ಒಂದೆರಡು ವರ್ಷವೇ ಆಯ್ತು."

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಮತ್ತೇನೂ ಕೇಳದೆ, ಕಪಾಟಿನ ಮೇಲಿದ್ದ ಫ್ಲಾಸ್ಕನ್ನು ತೆಗೆದುಕೊಂಡರು. ನಮ್ಮ ಹೋಟೆಲಿನಿಂದಲೇ ತಂದ ಕಾಫಿ, ಅಪ್ಪಯ್ಯ ತಾನೇ ಡಿಕಾಕ್ಷನ್ ಇಳಿಸಿದ್ದು. "ಪೆರಿಯವರೇ, ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ. ನಾನು ಇದರ ಮುಚ್ಚಳ ತೆಗೆಯುತ್ತೇನೆ. ವಾಸನೆ ಬಂದ ಕೂಡಲೇ ಹೇಳಿ" ಎಂದರು.

ಅಪ್ಪಯ್ಯನಿಗೆ ಇದು ಆಟವೆನಿಸಿತು. ಬೀದಿಯವರ ಮುಂದೆ ಎಷ್ಟೋ ಸಲ ಆಡಿದ ಆಟ. ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದರು. ಡಾಕ್ಟರು ಮುಚ್ಚಳ ತಿರುಗಿಸಿ ತೆಗೆದರು. ಆಸ್ಪತ್ರೆಯ ಫಿನಾಯಿಲಿನ ನಡುವೆಯೂ ಕಾಫಿಯ ಘಮ ಇಡೀ ಕೋಣೆಗೆ ಹರಡಿತು. ಪಕ್ಕದ ಮಂಚದ ಹೆಂಗಸು ತಲೆಯೆತ್ತಿ ನೋಡಿದಳು. ಡಾಕ್ಟರು ಫ್ಲಾಸ್ಕನ್ನು ಅಪ್ಪಯ್ಯನ ಮೂಗಿನ ಹತ್ತಿರವೇ ಹಿಡಿದರು.

ಅಪ್ಪಯ್ಯ ಕಾಯುತ್ತಿದ್ದರು. ತುಟಿಯಲ್ಲಿ ಸಣ್ಣ ನಗು. ಅಮ್ಮ ಮಾಸ್ಕಿನ ಮೇಲಿನಿಂದ ಡಾಕ್ಟರನ್ನು ನೋಡುತ್ತ, ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದಳು.

"ತೆಗೀರಿ ಡಾಕ್ಟ್ರೇ" ಎಂದರು ಅಪ್ಪಯ್ಯ. "ಎಷ್ಟು ಹೊತ್ತು? ಮುಚ್ಚಳ ತೆಗೀರಿ."

ಅಪ್ಪಯ್ಯ ಕಣ್ಣು ತೆರೆದರು. ಫ್ಲಾಸ್ಕಿನಿಂದ ಏಳುತ್ತಿದ್ದ ಆವಿಯನ್ನು ನೋಡಿದರು. ಬಲಗೈ ತಾನಾಗಿಯೇ ಮೇಲೆದ್ದು, ಆ ಆವಿಯನ್ನು ಒಮ್ಮೆ, ಎರಡು ಸಲ ತನ್ನ ಕಡೆಗೆ ಎಳೆದುಕೊಂಡಿತು. ಆಮೇಲೆ ಕೈ ಕೆಳಗಿಳಿಯಿತು. ಅವರು ಅಮ್ಮನ ಕಡೆ ತಿರುಗಿದರು.

"ನಿಂಗೆ ಬರ್ತಿತ್ತಾ? ಫ್ಯಾಕ್ಟರಿದು?"

ಅಮ್ಮ ಮಾಸ್ಕನ್ನು ಸ್ವಲ್ಪ ಎತ್ತಿದಳು. "ಬರ್ತಿತ್ತು."

"ದಿನಾ?"

"ದಿನಾ."

"ಮತ್ತೆ ಕಿಟಕಿ ಯಾಕೆ ತೆರೆದೆ ಮಾರಾಯ್ತಿ?"

"ನೀವು ಒಳ್ಳೇದುಂಟು ಅಂದ್ರಲ್ಲ" ಎಂದಳು ಅಮ್ಮ. ಉಸಿರು ತೆಗೆದುಕೊಂಡು, ಮತ್ತೆ ಹೇಳಿದಳು: "ಇಲ್ಲ ಅಂದಿದ್ರೆ ನಿಮ್ಮತ್ರ ಮತ್ತೆ ಎಂತ ಉಳೀತಿತ್ತು?"

ವರ್ಷಗಟ್ಟಲೆ ಅಂಥ ಗಾಳಿಯಲ್ಲಿದ್ದರೆ ಮೂಗು ಹೀಗೆ ಹೋಗುವುದುಂಟು ಎಂದರು ಡಾಕ್ಟರು. ವಯಸ್ಸಿಗೂ ಹೋಗಬಹುದು, ಹಳೆಯ ನೆಗಡಿಗೂ ಹೋಗಬಹುದು, ಇದರಿಂದಲೇ ಎಂದು ಬರೆದುಕೊಡಲಾಗುವುದಿಲ್ಲ ಎಂದೂ ಹೇಳಿದರು. ಬರೆದುಕೊಟ್ಟಿದ್ದರೂ ಅದನ್ನು ಯಾರ ಮುಖದ ಮೇಲೆ ಎಸೆಯುವುದು ಎಂದು ನನಗೆ ತಿಳಿಯುತ್ತಿರಲಿಲ್ಲ. ನನ್ನ ಕೋಪ ಆ ಬೆಂಕಿಯ ಮೇಲೆ ಹೋಗುತ್ತಿತ್ತು, ಅಪ್ಪಯ್ಯನ ಮೇಲೆ ಹೋಗುತ್ತಿತ್ತು, ಕೊನೆಗೆ ಅಮ್ಮನ ಮೇಲೂ ಹೋಗುತ್ತಿತ್ತು. ಗಂಡನ ಮೂಗು ಉಳಿಸಲು ತನ್ನ ಎದೆ ಸುಟ್ಟುಕೊಂಡವಳನ್ನು ಮೆಚ್ಚಬೇಕೆಂದು ಜನ ಹೇಳುತ್ತಾರೆ. ನನಗೆ ಮೆಚ್ಚಲಾಗುವುದಿಲ್ಲ. ನನಗೆ ಅವಳು ಬೇಕಿತ್ತು.

ಅಮ್ಮ ಮನೆಗೆ ಬಂದಳು. ಕಿಟಕಿಯನ್ನು ಅಪ್ಪಯ್ಯ ತಾನೇ ಮೊಳೆ ಹೊಡೆದು ಮುಚ್ಚಿದರು, ಸಂದುಗಳಿಗೆ ಹಳೆಯ ಪಂಚೆ ಹರಿದು ತುರುಕಿದರು. ಆ ಬಿಗಿದ ಕೋಣೆಯಲ್ಲೂ ಗೋಡೆ ಕೆಂಪಗಾಗುತ್ತಿತ್ತು, ಬೆಳಕು ಗಾಜಿನಿಂದ ಬರುತ್ತಿತ್ತು. ಕೆಳಗೆ ಅಡುಗೆ ಮಾಡುವಾಗ ಒಂದು ಬೆಳಿಗ್ಗೆ ಅಪ್ಪಯ್ಯ ಕೃಷ್ಣನ ಪಟದ ಮೇಲೆ ಟವಲ್ ಹಾಕಿ, ಗೋಡೆಯ ಕಡೆ ತಿರುಗಿ, ಅಂಗೈಗೆ ಹುಳಿ ಬಿಟ್ಟುಕೊಂಡು ನೆಕ್ಕಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಉಪ್ಪು ಗೊತ್ತಾಯಿತು, ಹುಳಿ ಗೊತ್ತಾಯಿತು. ಉಳಿದದ್ದು ಗೊತ್ತಾಗಲಿಲ್ಲವಂತೆ. ಮೂಗು ಹೋದವರಿಗೆ ನಾಲಿಗೆಯೂ ಅರ್ಧ ಹೋಗಿರುತ್ತದೆ. ಅಂದು ದೇವರ ಮುಂದೆ ಏನನ್ನೂ ಇಡಲಿಲ್ಲ, ಕೆಲವು ದಿನಗಳಲ್ಲಿ ಹೋಟೆಲು ಮುಚ್ಚಿದರು. ಬೇರೆ ಕಡೆ ಮನೆ ನೋಡುತ್ತಿರುವಾಗಲೇ, ಒಂದು ಮಧ್ಯಾಹ್ನ, ಗೋಡೆಗೊರಗಿ ಕೂತಲ್ಲೇ ಅಮ್ಮನ ಉಸಿರಿನ ಸದ್ದು ನಿಂತಿತು. ನಾನು ಆಫೀಸಿನಲ್ಲಿದ್ದೆ. ಸದ್ದು ನಿಂತದ್ದಕ್ಕೆ ಅವಳಿಗೆ ಸ್ವಲ್ಪ ಆರಾಮವಾಯಿತು ಎಂದುಕೊಂಡರಂತೆ ಅಪ್ಪಯ್ಯ.

ಈಗ ಪಲ್ಲಾವರಂನಲ್ಲಿ, ಚೆನ್ನೈಯ ದಕ್ಷಿಣದ ತುದಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಅಪ್ಪಯ್ಯ ನನ್ನ ಜೊತೆಗಿದ್ದಾರೆ. ಇಲ್ಲಿ ಬೆಂಕಿಯಿಲ್ಲ. ಬಂದ ಹೊಸದರಲ್ಲಿ ದೀಪ ಆರಿಸಿದ ಮೇಲಿನ ಕತ್ತಲೆಗೆ ನಾನು ಹೆದರಿದ್ದೆ. ಗೋಡೆಯ ಮೇಲೆ ಕೆಂಪು ಹುಡುಕುತ್ತಿದ್ದೆ. ವಿಮಾನ ಇಳಿಯುವಾಗ ಲೋಟಗಳು ಅಲುಗಿದರೆ ಅಪ್ಪಯ್ಯ ಈಗಲೂ ಕಿಟಕಿಯ ಕಡೆ ನೋಡುತ್ತಾರೆ. ಶುಕ್ರವಾರದ ಸಂತೆಯಿಂದ ನಾನು ಕರಿಬೇವು ತಂದರೆ ಕಟ್ಟನ್ನು ಮುಖದ ಹತ್ತಿರ ಹಿಡಿದುಕೊಂಡು ಸುಮ್ಮನೆ ಕೂರುತ್ತಾರೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಅವರು ತಪ್ಪದೆ ಕಿಟಕಿಯ ಹತ್ತಿರ ಬರುತ್ತಾರೆ. ಒಂದು ಗೇಣು ತೆರೆಯುತ್ತಾರೆ. ಕೈಯಾಡಿಸುವುದು ಬಿಟ್ಟಿದ್ದಾರೆ. ನನ್ನನ್ನು ಕೇಳುತ್ತಾರೆ.

"ಹೇಗುಂಟು ಗಾಳಿ?"

ನಿನ್ನೆಯೂ ಕೇಳಿದರು. ಮಳೆ ಬಂದು ನಿಂತಿತ್ತು. ಕೆಳಗಿನ ಮನೆಯವರ ಮಲ್ಲಿಗೆ ಬಳ್ಳಿ ಅರಳಿತ್ತು, ಯಾರೋ ಈರುಳ್ಳಿ ಹುರಿಯುತ್ತಿದ್ದರು, ಒದ್ದೆ ಮಣ್ಣಿನ ವಾಸನೆ. ಇಷ್ಟು ಒಳ್ಳೆಯ ಗಾಳಿ ನಮ್ಮ ಹಳೆಯ ಮನೆಯಲ್ಲಿ ಯಾವತ್ತೂ ಬಂದದ್ದಿಲ್ಲ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

"ಒಳ್ಳೇದುಂಟು ಅಪ್ಪಯ್ಯ" ಎಂದೆ. "ತೆರೀರಿ."

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ನಿನ್ನ ಅಮ್ಮನೂ ಹೀಗೇ ಹೇಳ್ತಿದ್ಲು" ಎಂದರು. ಕಿಟಕಿ ಮುಚ್ಚಿ, ಚಿಲಕ ಹಾಕಿ, ಅದು ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ, ಒಳಗೆ ಹೋದರು.